ಹೂಳು, ದಂಡೆ ಮತ್ತು ಗುಂಡಿಗೆ: ಡಯಾಲಿಸಿಸ್ ರೋಗಿಗಳಲ್ಲಿ ಸ್ಟೆಂಟ್ ಚಿಕಿತ್ಸೆಯ ಫಲಿತಾಂಶ ಹಾಗೂ ಮನೋಳಿ ಪರಿಸರದ ಜನಪದ ತಿಳಿವಳಿಕೆ

ಪೀಠಿಕೆ

ಜನಪದ ವೈದ್ಯವೆಂದೊಡನೆ ನಾಟಿ ಔಷಧಿ, ಮಂತ್ರ, ಹರಕೆ, ಬಂಡಾರ ಮುಂತಾದವುಗಳ ಸಂಗ್ರಹ ಹಾಗೂ ವರ್ಗೀಕರಣದ ಕಡೆಗೆ ನಮ್ಮ ಅಧ್ಯಯನಗಳು ಹೆಚ್ಚಿನ ಗಮನ ಹರಿಸಿವೆ. ಅದು ಅಗತ್ಯವಾದ ಕೆಲಸವೇ ಹೌದು. ಆದರೆ ಇಂದಿನ ಗ್ರಾಮೀಣ ರೋಗಿಯು ನಾಟಿ ವೈದ್ಯರ ಅಂಗಳದಲ್ಲಿ ಕಳೆಯುವ ಹೊತ್ತಿಗಿಂತ ಆಸ್ಪತ್ರೆಯ ಹಾಸಿಗೆಯ ಮೇಲೆ ಕಳೆಯುವ ಹೊತ್ತು ದೊಡ್ಡದು. ಅಲ್ಲಿಗೂ ಅವನು ತನ್ನ ಮಾತು, ಗಾದೆ, ಹೋಲಿಕೆ ಮತ್ತು ನಂಬಿಕೆಗಳೊಂದಿಗೇ ಹೋಗುತ್ತಾನೆ. ವೈದ್ಯರು ಹೇಳಿದ್ದನ್ನು ಅವನು ಗ್ರಹಿಸುವುದೂ ಅವುಗಳ ಮೂಲಕವೇ. ಹೀಗಾಗಿ ಆಸ್ಪತ್ರೆಯ ವಾರ್ಡು ಕೂಡ ಜಾನಪದ ಅಧ್ಯಯನದ ಒಂದು ಕ್ಷೇತ್ರವೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ರೋಗದ ಜೈವಿಕ ಸ್ವರೂಪ ಬೇರೆ, ರೋಗಿ ಅನುಭವಿಸುವ ಸಂಕಟದ ಸ್ವರೂಪ ಬೇರೆ ಎಂಬ ಭೇದವನ್ನು ಅಮೆರಿಕದ ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಅವರು 1980ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದರು. ಕನ್ನಡದಲ್ಲಿ ಈ ಭೇದಕ್ಕೆ ‘ರೋಗ’ ಮತ್ತು ‘ಬೇನೆ’ ಎಂಬ ಎರಡು ಪದಗಳು ಮೊದಲಿನಿಂದಲೂ ಒದಗಿ ಬಂದಿವೆ. ವೈದ್ಯರು ಗುರುತಿಸುವುದು ರೋಗವನ್ನು. ಮನೆಯವರು ಸಂಭಾಳಿಸುವುದು ಬೇನೆಯನ್ನು.

ಪ್ರಸ್ತುತ ಲೇಖನವು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಮನೋಳಿ ಹಾಗೂ ಸುತ್ತಣ ಬೈಲಹೊಂಗಲ, ಕಿತ್ತೂರು, ರಾಮದುರ್ಗ ಪರಿಸರದ ಭಾಷೆ ಮತ್ತು ಆಚರಣೆಗಳನ್ನು ಹಿನ್ನೆಲೆಯಾಗಿಟ್ಟುಕೊಂಡು, ಡಯಾಲಿಸಿಸ್‌ನಲ್ಲಿರುವ ರೋಗಿಗಳಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಅಳವಡಿಸುವ ಚಿಕಿತ್ಸೆ ಎಂಥ ಫಲ ಕೊಡುತ್ತದೆಂಬುದನ್ನು ವಿವರಿಸುತ್ತದೆ. ಚಿಕಿತ್ಸೆಯನ್ನು ವಿವರಿಸಲು ಆರಿಸಿಕೊಂಡ ಹೋಲಿಕೆಯೇ ಅದರಿಂದ ಏನನ್ನು ನಿರೀಕ್ಷಿಸಬೇಕೆಂಬುದನ್ನೂ ಗೊತ್ತುಮಾಡುತ್ತದೆ. ಹೋಲಿಕೆ ಅರೆಬರೆಯಾದರೆ ನಿರ್ಧಾರವೂ ಅರೆಬರೆಯಾಗುತ್ತದೆ ಎಂಬುದು ಇಲ್ಲಿಯ ಪ್ರಮುಖ ಪ್ರತಿಪಾದನೆ.

ಗುಂಡಿಗೆಯ ಮಾತು, ಮೂತ್ರಪಿಂಡದ ಮೌನ

ನಮ್ಮ ಆಡುಮಾತಿನಲ್ಲಿ ದೇಹದ ಒಳಾಂಗಗಳಿಗೆ ಸಮಾನವಾದ ಸ್ಥಾನ ದೊರೆತಿಲ್ಲ. ಎದೆಗೆ ಸಂಬಂಧಿಸಿದ ನುಡಿಗಟ್ಟುಗಳು ಹೇರಳ: ಎದೆಗಾರಿಕೆ, ಎಂಟೆದೆ, ಎದೆಯೊಡೆ, ಎದೆ ತುಂಬಿ ಬರು, ಎದೆ ಝಲ್ಲೆನ್ನು, ಗುಂಡಿಗೆ ಗಟ್ಟಿ. ಕರುಳಿಗೆ ತಾಯ್ತನದ ಸಂಬಂಧವಿದೆ. ‘ಕರುಳಬಳ್ಳಿ’ ಎಂದರೆ ಮಕ್ಕಳು. ಹೊಟ್ಟೆಗೆ ಕಿಚ್ಚುಂಟು, ಪಿತ್ತಕ್ಕೆ ನೆತ್ತಿಗೇರುವ ಗುಣವುಂಟು. ಆದರೆ ಮೂತ್ರಪಿಂಡದ ಸುತ್ತ ಇಂಥ ನುಡಿಗಟ್ಟುಗಳ ಬಳಗ ಬೆಳೆದಿಲ್ಲ. ‘ಮೂತ್ರಪಿಂಡ’ ಎಂಬುದು ಪಠ್ಯಪುಸ್ತಕದ ಪದ; ಜನರ ಬಾಯಲ್ಲಿರುವುದು ‘ಕಿಡ್ನಿ’ ಎಂಬ ಇಂಗ್ಲಿಷಿನ ಪದ. ಬೆನ್ನಿನ ಎರಡು ಮಗ್ಗುಲಲ್ಲಿ ಕುಳಿತು ಸದ್ದಿಲ್ಲದೆ ಕೆಲಸ ಮಾಡುವ, ಬಡಿತವೂ ಇಲ್ಲದ, ಬಹಳ ಮಟ್ಟಿಗೆ ಕೆಡುವ ತನಕ ನೋವನ್ನೂ ಕೊಡದ ಅಂಗವನ್ನು ಭಾಷೆ ಗಮನಿಸದೆ ಹೋದುದು ಸಹಜವೇ ಆಗಿದೆ.

ಈ ಮೌನಕ್ಕೆ ಎರಡು ಪರಿಣಾಮಗಳಿವೆ. ಮೊದಲನೆಯದು, ಮೂತ್ರಪಿಂಡ ಸೋತವನ ಬೇನೆಯನ್ನು ಮನೆಯವರು ‘ರಕ್ತ ಕೆಟ್ಟೈತಿ’ ಎಂದು ರಕ್ತದ ಹೆಸರಿನಲ್ಲಿ ಗುರುತಿಸುತ್ತಾರೆ. ಆದ್ದರಿಂದಲೇ ಡಯಾಲಿಸಿಸ್ಸಿಗೆ ‘ರಕ್ತ ತೊಳಸೂದು’, ‘ರಕ್ತ ಸೋಸೂದು’, ‘ಮಿಷನ್ನಿಗೆ ಹಚ್ಚೂದು’ ಎಂಬ ಮಾತುಗಳು ಹುಟ್ಟಿಕೊಂಡಿವೆ. ಇವು ತಪ್ಪು ಮಾತುಗಳಲ್ಲ. ಯಂತ್ರವು ಮಾಡುವ ಕೆಲಸ ಸೋಸುವುದೇ. ಎರಡನೆಯದು, ರಕ್ತವನ್ನು ತೊಳೆದಾಯಿತು ಎಂದ ಮೇಲೆ ಗುಂಡಿಗೆಗೂ ಕಿಡ್ನಿಗೂ ಏನು ಸಂಬಂಧವೆಂಬ ಪ್ರಶ್ನೆ ಉಳಿದುಬಿಡುತ್ತದೆ. ಎದೆಯ ಬೇನೆ ಬೇರೆ, ಕಿಡ್ನಿಯ ಬೇನೆ ಬೇರೆ ಎಂದು ಎಣಿಸುವುದರಿಂದ ಎರಡಕ್ಕೂ ಪ್ರತ್ಯೇಕವಾದ ದುರಸ್ತಿ ಸಾಧ್ಯವೆಂಬ ಭಾವನೆ ಬೆಳೆಯುತ್ತದೆ. ವಾಸ್ತವವಾಗಿ ಡಯಾಲಿಸಿಸ್‌ನಲ್ಲಿರುವವರ ಸಾವಿಗೆ ಅತಿ ದೊಡ್ಡ ಕಾರಣ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಆಗಿದೆ.

ಹೂಳಿನ ರೂಪಕ

ಹೃದಯದ ರಕ್ತನಾಳ ಕಿರಿದಾದುದನ್ನು ರೋಗಿಗೆ ತಿಳಿಸುವಾಗ ನಾಡಿನಾದ್ಯಂತ ಬಳಕೆಯಾಗುವ ಹೋಲಿಕೆ ಕಾಲುವೆಯದು ಅಥವಾ ನೀರಿನ ಕೊಳವೆಯದು. ಮಲಪ್ರಭೆಯ ಈ ಸೀಮೆಯಲ್ಲಿ ಅದು ವಿಶೇಷವಾಗಿ ಮನಮುಟ್ಟುತ್ತದೆ. ಮನೋಳಿ ಮಲಪ್ರಭೆಯ ದಂಡೆಯ ಊರು. ಪಂಚಲಿಂಗೇಶ್ವರ ದೇವಾಲಯ ಮತ್ತು ಹಳೆಯ ಕೋಟೆಯಿಂದ ಪರಿಚಿತವಾದ ಈ ಊರು ದಾಖಲೆಗಳಲ್ಲಿ ಮುನವಳ್ಳಿಯೆಂದು ಕಾಣಿಸಿಕೊಳ್ಳುತ್ತದೆ. ಇಲ್ಲಿಂದ ಹರಿವಿನ ಮೇಲಕ್ಕೆ ನವಿಲುತೀರ್ಥದಲ್ಲಿ 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಅಣೆಕಟ್ಟು ಮತ್ತು ಅದರ ಹಿಂದೆ ನಿಂತ ರೇಣುಕಾಸಾಗರದಿಂದ ಎಡದಂಡೆ, ಬಲದಂಡೆ ಕಾಲುವೆಗಳು ಹೊರಡುತ್ತವೆ. ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟದೆಂಬುದು ಇಲ್ಲಿಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ‘ನರದಾಗ ಹೂಳ ತುಂಬೈತಿ, ತಗದ್ರ ರಕ್ತ ಹರೀತೈತಿ’ ಎಂದರೆ ಸಾಕು, ಮಾತು ಮುಗಿಯಿತು. ಸ್ಟೆಂಟಿಗೂ ಜನ ತಮ್ಮದೇ ಹೆಸರು ಕೊಟ್ಟಿದ್ದಾರೆ: ‘ಎದಿಗೆ ಸ್ಪ್ರಿಂಗ್ ಕೂಡ್ಸ್ಯಾರ’.

ಈ ಹೋಲಿಕೆಗೆ ಚಿಕಿತ್ಸೆಯ ಇತಿಹಾಸದಲ್ಲೂ ಆಧಾರವಿದೆ. ಆಂಡ್ರಿಯಾಸ್ ಗ್ರುಂಟ್‌ಸಿಗ್ ಅವರು 1977ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಎಚ್ಚರವಾಗಿದ್ದ ರೋಗಿಯೊಬ್ಬರ ಹೃದಯದ ರಕ್ತನಾಳದೊಳಗೆ ಪುಟ್ಟ ಬಲೂನನ್ನು ಉಬ್ಬಿಸಿ ಇಕ್ಕಟ್ಟಾದ ಎಡೆಯನ್ನು ಅಗಲಗೊಳಿಸಿದರು. ಹೀಗೆ ಅಗಲವಾದ ನಾಳ ಮತ್ತೆ ಕುಗ್ಗುತ್ತಿದ್ದುದರಿಂದ, ಒಳಗಿನಿಂದ ಆಧಾರ ಕೊಡುವ ಲೋಹದ ಜಾಳಿಗೆಯನ್ನು 1986ರಲ್ಲಿ ಫ್ರಾನ್ಸಿನ ಜಾಕ್ ಪುಯೆಲ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಉಲ್ರಿಚ್ ಸಿಗ್ವಾರ್ಟ್ ಅವರು ಮನುಷ್ಯರಲ್ಲಿ ಮೊದಲು ಅಳವಡಿಸಿದರು. ಮುಂದೆ ಔಷಧಿ ಲೇಪಿತ ಸ್ಟೆಂಟುಗಳು ಬಂದು ನಾಳ ಮತ್ತೆ ಕಿರಿದಾಗುವ ಪ್ರಮಾಣವನ್ನು ತಗ್ಗಿಸಿದವು. ಹೃದಯಾಘಾತವಾಗುತ್ತಿರುವಾಗ, ನಾಳ ಪೂರ್ತಿ ಮುಚ್ಚಿ ಸ್ನಾಯು ಸಾಯುತ್ತಿರುವಾಗ, ತಡಮಾಡದೆ ಅದನ್ನು ತೆರೆಯುವ ಈ ಚಿಕಿತ್ಸೆ ಜೀವ ಉಳಿಸುತ್ತದೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಿ ಹೂಳಿನ ರೂಪಕವೂ ಒಪ್ಪುತ್ತದೆ.

ರೂಪಕ ಸಾಲದಾಗುವ ಎಡೆ

ಡಯಾಲಿಸಿಸ್ ರೋಗಿಯ ವಿಷಯದಲ್ಲಿ ಇದೇ ರೂಪಕ ಮೂರು ಕಡೆ ಸೋಲುತ್ತದೆ.

ಒಂದನೆಯದಾಗಿ, ಇಲ್ಲಿ ಕೆಟ್ಟಿರುವುದು ಕಾಲುವೆಯ ಒಳಗಿನ ಹೂಳು ಮಾತ್ರವಲ್ಲ, ದಂಡೆಯೂ ಕೆಟ್ಟಿದೆ. ಮೂತ್ರಪಿಂಡ ಸೋತಾಗ ರಂಜಕ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ. ಸುಣ್ಣದಂಶದ ಸಮತೋಲ ತಪ್ಪುತ್ತದೆ. ರಕ್ತನಾಳದ ಗೋಡೆಯೊಳಗೇ ಸುಣ್ಣ ಕಟ್ಟುತ್ತದೆ. ನೀರಿನ ಹಂಡೆಯ ಒಳಮೈಗೆ ಗಾರು ಹತ್ತಿದಂತೆ ನಾಳ ಗಡುಸಾಗುತ್ತದೆ. ಇಂಥ ನಾಳದಲ್ಲಿ ಬಲೂನು ಸರಿಯಾಗಿ ಅರಳದು, ಸ್ಟೆಂಟ್ ಗೋಡೆಗೆ ಪೂರ್ತಿಯಾಗಿ ಅಂಟಿಕೊಳ್ಳದು. ಸುಣ್ಣವನ್ನು ಅರೆಯುವ, ಅಲೆಗಳಿಂದ ಒಡೆಯುವ ಉಪಕರಣಗಳು ಈಗ ಇವೆಯಾದರೂ ಕಾಯಿಲೆ ಒಂದೇ ಎಡೆಯಲ್ಲಿರದೆ ನಾಳದ ಉದ್ದಕ್ಕೂ ಹಬ್ಬಿರುತ್ತದೆ.

ಎರಡನೆಯದಾಗಿ, ಕಾಲುವೆಗೆ ಬಿಡುವ ನೀರಿನ ಮಟ್ಟವೇ ಇಲ್ಲಿ ಸ್ಥಿರವಾಗಿರುವುದಿಲ್ಲ. ಎರಡು ಡಯಾಲಿಸಿಸ್‌ಗಳ ನಡುವೆ ಮೈಯಲ್ಲಿ ನೀರು ತುಂಬಿ ಹೃದಯದ ಮೇಲೆ ಭಾರ ಬೀಳುತ್ತದೆ. ಯಂತ್ರಕ್ಕೆ ಹಚ್ಚಿದ ಸುಮಾರು ನಾಲ್ಕು ತಾಸುಗಳಲ್ಲಿ ಆ ನೀರನ್ನೆಲ್ಲ ತೆಗೆದಾಗ ರಕ್ತದೊತ್ತಡ ಕುಸಿಯಬಹುದು. ಈ ಏರಿಳಿತದಿಂದ ಹೃದಯದ ಸ್ನಾಯು ದಪ್ಪವಾಗಿ, ಗಡುಸಾಗಿ, ಲಯ ತಪ್ಪುವ ಸಂಭವ ಹೆಚ್ಚುತ್ತದೆ. ಇವರಲ್ಲಿ ಅನೇಕರು ತೀರಿಕೊಳ್ಳುವುದು ನಾಳ ಮುಚ್ಚಿ ಅಲ್ಲ. ಹೃದಯದ ಬಡಿತ ಹಠಾತ್ತನೆ ಲಯ ತಪ್ಪಿ. ಅದನ್ನು ಸ್ಟೆಂಟ್ ತಡೆಯಲಾರದು.

ಮೂರನೆಯದಾಗಿ, ಹರಿಯುವ ರಕ್ತದ ಗುಣವೇ ಬದಲಾಗಿರುತ್ತದೆ. ಈ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟೆಂಟ್ ಮುಚ್ಚುವ ಭಯವೂ ಉಂಟು, ಕಿರುಬಿಲ್ಲೆಗಳು ಸರಿಯಾಗಿ ಕೆಲಸಮಾಡದೆ ರಕ್ತಸ್ರಾವವಾಗುವ ಭಯವೂ ಉಂಟು. ಡಯಾಲಿಸಿಸ್ ವೇಳೆ ಹೆಪಾರಿನ್ ಕೊಡುವುದು ವಾಡಿಕೆ. ಅದರ ಮೇಲೆ ಸ್ಟೆಂಟಿಗಾಗಿ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಸೇರಿದಾಗ ತಕ್ಕಡಿಯನ್ನು ಸಮವಾಗಿ ಹಿಡಿಯುವುದು ಕಠಿಣ.

ಕೊಬ್ಬಿನ ಹೂಳನ್ನು ತಗ್ಗಿಸಿದರೆ ಸಾಲದೆಂಬುದಕ್ಕೆ ಮಾತ್ರೆಗಳ ಪ್ರಯೋಗಗಳೂ ಪುಷ್ಟಿ ನೀಡುತ್ತವೆ. ಡಯಾಲಿಸಿಸ್‌ನಲ್ಲಿದ್ದ 1255 ಮಂದಿ ಮಧುಮೇಹಿಗಳ ಮೇಲೆ ಜರ್ಮನಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಟೊರ್ವಾಸ್ಟಾಟಿನ್ ಮಾತ್ರೆಯು ಕೊಲೆಸ್ಟರಾಲನ್ನು ಇಳಿಸಿತು. ಆದರೆ ಹೃದಯಸಂಬಂಧಿ ಸಾವು, ಹೃದಯಾಘಾತ, ಪಾರ್ಶ್ವವಾಯು ಇವುಗಳ ಒಟ್ಟು ಪ್ರಮಾಣವನ್ನು ಗಣನೀಯವಾಗಿ ಇಳಿಸಲಿಲ್ಲ. 2776 ರೋಗಿಗಳನ್ನೊಳಗೊಂಡು 2009ರಲ್ಲಿ ಪ್ರಕಟವಾದ ರೊಸುವಾಸ್ಟಾಟಿನ್ ಪ್ರಯೋಗದ ಫಲಿತಾಂಶವೂ ಇದೇ ಆಗಿತ್ತು.

ಫಲಿತಾಂಶಗಳು ಹೇಳುವುದೇನು?

ಸ್ಟೆಂಟ್ ಬಳಕೆ ವ್ಯಾಪಕವಾಗುವ ಮುನ್ನಿನ ಸ್ಥಿತಿಯನ್ನು ಅಮೆರಿಕದ ಚಾರ್ಲ್ಸ್ ಹರ್ಜೋಗ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುತ್ತದೆ. 1977ರಿಂದ 1995ರವರೆಗೆ ಹೃದಯಾಘಾತಕ್ಕೆ ಒಳಗಾದ 34,189 ಡಯಾಲಿಸಿಸ್ ರೋಗಿಗಳಲ್ಲಿ ಶೇ. 59ರಷ್ಟು ಮಂದಿ ಒಂದು ವರ್ಷದೊಳಗೆ, ಸುಮಾರು ಶೇ. 90ರಷ್ಟು ಮಂದಿ ಐದು ವರ್ಷಗಳೊಳಗೆ ತೀರಿಕೊಂಡಿದ್ದರು.

ಇದೇ ತಂಡ 2002ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ಬರಿಯ ಬಲೂನು ಚಿಕಿತ್ಸೆ, ಸ್ಟೆಂಟ್ ಮತ್ತು ಬೈಪಾಸ್ ಶಸ್ತ್ರಚಿಕಿತ್ಸೆಗಳನ್ನು ಹೋಲಿಸಿತು. ಆಸ್ಪತ್ರೆಯಲ್ಲಿರುವಾಗಲೇ ಸಂಭವಿಸಿದ ಸಾವು ಬೈಪಾಸ್‌ನಲ್ಲಿ ಶೇ. 8.6, ಬಲೂನಿನಲ್ಲಿ ಶೇ. 6.4, ಸ್ಟೆಂಟಿನಲ್ಲಿ ಶೇ. 4.1. ಎರಡು ವರ್ಷಗಳ ತರುವಾಯ ಬದುಕಿದ್ದವರು ಬೈಪಾಸ್‌ನಲ್ಲಿ ಶೇ. 56.4, ಸ್ಟೆಂಟಿನಲ್ಲಿ ಶೇ. 48.4, ಬಲೂನಿನಲ್ಲಿ ಶೇ. 48.2. ಎಂದರೆ ಮೊದಲ ದಿನಗಳಲ್ಲಿ ಸ್ಟೆಂಟ್ ಹಗುರವಾದ ದಾರಿ. ದೂರದ ಪಯಣದಲ್ಲಿ ಆ ಅನುಕೂಲ ಉಳಿಯುವುದಿಲ್ಲ. ಯಾವ ರೋಗಿಗೆ ಯಾವ ಚಿಕಿತ್ಸೆಯೆಂದು ವೈದ್ಯರೇ ಆರಿಸಿದ್ದರಾದ್ದರಿಂದ ಈ ಹೋಲಿಕೆಯನ್ನು ಎಚ್ಚರದಿಂದ ಓದಬೇಕು. ಇವು ಔಷಧಿ ಲೇಪಿತ ಸ್ಟೆಂಟುಗಳಿಗಿಂತ ಹಿಂದಿನ ಅಂಕಿಗಳೆಂಬುದನ್ನೂ ಮರೆಯುವಂತಿಲ್ಲ.

ಆಯ್ಕೆಯ ಈ ತೊಡಕನ್ನು ನಿವಾರಿಸಿದ ಪ್ರಯೋಗ ಇಸ್ಕೀಮಿಯಾ-ಸಿಕೆಡಿ. ಶ್ರೀಪಾಲ್ ಬ್ಯಾಂಗಲೋರ್ ಅವರ ನೇತೃತ್ವದಲ್ಲಿ 30 ದೇಶಗಳಲ್ಲಿ ನಡೆದ ಇದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ತೀವ್ರವಾದ ಮೂತ್ರಪಿಂಡ ಕಾಯಿಲೆಯಿದ್ದು ಹೃದಯಕ್ಕೆ ರಕ್ತದ ಕೊರತೆಯಿರುವುದು ಪರೀಕ್ಷೆಯಲ್ಲಿ ಕಂಡುಬಂದ 777 ರೋಗಿಗಳು ಇದರಲ್ಲಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಡಯಾಲಿಸಿಸ್‌ನಲ್ಲಿದ್ದವರು. ಒಂದು ಗುಂಪಿಗೆ ಔಷಧಿಯೊಂದಿಗೆ ಆಂಜಿಯೋಗ್ರಾಮ್ ಮಾಡಿ, ಸಾಧ್ಯವಾದೆಡೆ ಸ್ಟೆಂಟ್ ಅಥವಾ ಬೈಪಾಸ್ ಒದಗಿಸಲಾಯಿತು. ಇನ್ನೊಂದು ಗುಂಪಿಗೆ ಮೊದಲು ಔಷಧಿ ಮಾತ್ರ. ಮೂರು ವರ್ಷಗಳಲ್ಲಿ ಸಾವು ಅಥವಾ ಹೃದಯಾಘಾತದ ಅಂದಾಜು ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 36.4, ಎರಡನೆಯದರಲ್ಲಿ ಶೇ. 36.7. ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಪಾರ್ಶ್ವವಾಯುವಿನ ಪ್ರಕರಣಗಳು, ಒಟ್ಟು ಸಂಖ್ಯೆ ಚಿಕ್ಕದಾದರೂ, ಮೊದಲ ಗುಂಪಿನಲ್ಲೇ ಹೆಚ್ಚಾಗಿದ್ದವು. ಬದುಕಿನ ಗುಣಮಟ್ಟದಲ್ಲೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಫಲಿತಾಂಶ ಅನ್ವಯಿಸುವುದು ಸ್ಥಿರವಾದ ಸ್ಥಿತಿಯಲ್ಲಿರುವವರಿಗೆ. ಆಗತಾನೆ ಹೃದಯಾಘಾತವಾದವರು, ಔಷಧಿಗೆ ಬಗ್ಗದ ಎದೆನೋವಿನವರು, ಎಡಗಡೆಯ ಮುಖ್ಯನಾಳದಲ್ಲೇ ತೊಂದರೆಯಿರುವವರು ಮತ್ತು ಹೃದಯದ ಶಕ್ತಿ ತೀರ ಕುಂದಿದವರು ಈ ಪ್ರಯೋಗದ ವ್ಯಾಪ್ತಿಯಲ್ಲಿರಲಿಲ್ಲ. ಅಂಥವರಿಗೆ ಸ್ಟೆಂಟ್ ಬೇಡವೆಂದು ಇದರಿಂದ ತೀರ್ಮಾನಿಸುವುದು ಅಪಾಯಕರ. ‘ಈಗಲೇ ತೆರೆಯಬೇಕಾದ ನಾಳ’ ಮತ್ತು ‘ಔಷಧಿಯೊಂದಿಗೆ ಕಾದು ನೋಡಬಹುದಾದ ನಾಳ’ ಎಂಬ ಭೇದವನ್ನು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದೇ ಈ ಅಂಕಿಗಳ ನಿಜವಾದ ಉಪಯೋಗ.

ವಾರ, ನೀರು ಮತ್ತು ಉಪಚಾರ

ನಾಳದ ದುರಸ್ತಿಗಿಂತ ದಿನನಿತ್ಯದ ನಡವಳಿಕೆ ಹೆಚ್ಚು ತೂಕ ಪಡೆಯುವ ಕಾಯಿಲೆಯಿದು. ಜನಪದ ಆಚರಣೆಗಳ ಪ್ರಸ್ತುತತೆ ಇಲ್ಲಿ ಎದ್ದು ಕಾಣುತ್ತದೆ.

‘ವಾರ ಹಿಡಿಯುವುದು’ ಈ ಭಾಗದಲ್ಲಿ ಪ್ರಚಲಿತವಾದ ವ್ರತ. ಸವದತ್ತಿಯ ಎಲ್ಲಮ್ಮನ ಭಕ್ತರಿಗೆ ಮಂಗಳವಾರ, ಶುಕ್ರವಾರಗಳು ವಿಶೇಷ. ಹಿಡಿದ ವಾರವನ್ನು ತಪ್ಪಿಸಬಾರದೆಂಬ ಶ್ರದ್ಧೆ ಗಾಢವಾದದ್ದು. ಡಯಾಲಿಸಿಸ್ಸೂ ವಾರಗಳಿಗೆ ಕಟ್ಟುಬಿದ್ದ ಚಿಕಿತ್ಸೆ. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಪಡೆಯುತ್ತಿದ್ದ 32,065 ಅಮೆರಿಕನ್ ರೋಗಿಗಳನ್ನು ಕುರಿತು ರಾಬರ್ಟ್ ಫೋಲಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ದಿನಗಳ ದೀರ್ಘ ಅಂತರದ ಮರುದಿನ ಸಾವಿನ ದರ ನೂರು ರೋಗಿ-ವರ್ಷಗಳಿಗೆ 22.1 ಇದ್ದರೆ ಉಳಿದ ದಿನಗಳಲ್ಲಿ 18.0 ಇತ್ತು. ನಮ್ಮಲ್ಲಿ ದೂರ, ಬಸ್ಸಿನ ಖರ್ಚು, ಕೂಲಿಯ ನಷ್ಟ ಇವುಗಳಿಂದಾಗಿ ವಾರಕ್ಕೆ ಎರಡೇ ಬಾರಿ ಡಯಾಲಿಸಿಸ್ ಪಡೆಯುವವರು ಬಹಳ ಮಂದಿ. ಅವರಿಗೆ ಅಂತರ ಇನ್ನೂ ದೀರ್ಘ. ಜಾತ್ರೆ, ಮದುವೆ, ಬಿತ್ತನೆಯ ಕಾಲದಲ್ಲಿ ಒಂದು ಸರದಿ ತಪ್ಪಿದರಂತೂ ಗುಂಡಿಗೆಯ ಮೇಲಿನ ಭಾರ ಹೇಳತೀರದು. ‘ಇದೂ ಒಂದು ವಾರ, ತಪ್ಪಿಸಬಾರದು’ ಎಂಬ ಮಾತು ಇಂಥ ಮನೆಗಳಲ್ಲಿ ಯಾವ ಕರಪತ್ರಕ್ಕಿಂತಲೂ ಹೆಚ್ಚು ನಾಟೀತು.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಮನೆಗೆ ಬಂದವರಿಗೆ ನೀರು-ಬೆಲ್ಲ ಕೊಡುವ ನಾಡಿದು. ಬಾಯಾರಿದವನಿಗೆ ನೀರು ಇಲ್ಲವೆನ್ನುವುದು ಪಾಪವೆಂಬ ಭಾವನೆ ಬೇರೂರಿದೆ. ಅಂಥ ಮನೆಯಲ್ಲಿ ರೋಗಿಗೆ ನೀರನ್ನು ಅಳೆದು ಕೊಡಬೇಕಾದ ಹೆಂಡತಿ ಅಥವಾ ಸೊಸೆ ನಿಷ್ಕರುಣಿಯೆಂಬ ಮಾತಿಗೆ ಗುರಿಯಾಗುತ್ತಾಳೆ. ಅಂಬಲಿ, ಮಜ್ಜಿಗೆ, ಸಾರು ಇವೂ ನೀರಿನ ಲೆಕ್ಕಕ್ಕೆ ಬರುತ್ತವೆಂಬುದು ಬಹಳ ಸಲ ಮರೆತುಹೋಗುತ್ತದೆ. ರೋಗಿಯನ್ನು ನೋಡಲು ಬರುವವರು ಎಳನೀರು, ಬಾಳೆಹಣ್ಣು ತರುವುದು ಪದ್ಧತಿ. ಎಳನೀರು ತಂಪು, ಎಲ್ಲ ಬೇನೆಗೂ ಒಳ್ಳೆಯದು ಎಂಬ ನಂಬಿಕೆಯಿದೆ. ಆದರೆ ಅದರಲ್ಲಿರುವ ಪೊಟ್ಯಾಸಿಯಂ ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಪ್ರೀತಿಯಿಂದ ತಂದ ಉಪಚಾರವೇ ಅಪಾಯವಾಗುವ ಈ ಪರಿಯನ್ನು ನಂಟರಿಷ್ಟರಿಗೂ ತಿಳಿಸಬೇಕಾಗುತ್ತದೆ.

ರೇಣುಕೆಯು ನಿತ್ಯವೂ ಮಲಪ್ರಭೆಯ ಮರಳಿನಿಂದಲೇ ಕೊಡ ಮಾಡಿ, ಹಾವನ್ನು ಸಿಂಬೆಯಾಗಿಸಿಕೊಂಡು ನೀರು ತರುತ್ತಿದ್ದಳೆಂಬ ಐತಿಹ್ಯ ಈ ಸೀಮೆಯಲ್ಲಿ ಮನೆಮಾತಾಗಿದೆ. ಚಿತ್ತ ಕದಲಿದ ದಿನ ಕೊಡ ನಿಲ್ಲಲಿಲ್ಲ. ನಿತ್ಯದ ನೇಮದಿಂದಲೇ ನೀರು ನಿಲ್ಲುತ್ತದೆ, ಒಮ್ಮೆ ಮಾಡಿಟ್ಟ ಕೊಡ ಎಂದೆಂದಿಗೂ ಬಾರದು ಎಂಬ ಆಶಯವುಳ್ಳ ಈ ಕಥೆ, ಡಯಾಲಿಸಿಸ್ ರೋಗಿಯ ದೇಹಸ್ಥಿತಿಗೆ ಹೂಳಿನ ರೂಪಕಕ್ಕಿಂತ ಹತ್ತಿರವಾಗಿದೆ. ಒಮ್ಮೆ ಹೂಳು ತೆಗೆದು ಕೈತೊಳೆದುಕೊಳ್ಳುವ ಕೆಲಸವಲ್ಲ ಇದು. ದಿನದಿನವೂ ಹೊಸದಾಗಿ ಕಟ್ಟಬೇಕಾದ ಸಮತೋಲ.

ಮಾತ್ರೆಯ ವಿಷಯಕ್ಕೂ ಇದೇ ಅನ್ವಯಿಸುತ್ತದೆ. ‘ಸ್ಪ್ರಿಂಗ್ ಕೂಡ್ಸ್ಯಾರ, ಇನ್ನ ಗುಳಗಿ ಯಾಕ?’ ಎಂಬ ಪ್ರಶ್ನೆ ಹೂಳಿನ ರೂಪಕದಿಂದಲೇ ಹುಟ್ಟುವಂಥದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಜೋಡಿ ಮಾತ್ರೆಗಳನ್ನು ಸ್ಥಿರ ಸ್ಥಿತಿಯಲ್ಲಿ ಸ್ಟೆಂಟ್ ಪಡೆದವರು ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತದ ತರುವಾಯ ಪಡೆದವರು ಒಂದು ವರ್ಷ ನುಂಗಬೇಕಾಗುತ್ತದೆ. ರಕ್ತಸ್ರಾವದ ಭಯ ಹೆಚ್ಚಿದ್ದರೆ ವೈದ್ಯರು ಅವಧಿಯನ್ನು ಮೊಟಕುಗೊಳಿಸುತ್ತಾರೆ. ಸೂಜಿ ಚುಚ್ಚಿದೆಡೆ ರಕ್ತ ಬೇಗ ನಿಲ್ಲಲಿಲ್ಲವೆಂದೋ ಹಲ್ಲು ಕೀಳಿಸಬೇಕೆಂದೋ ತಾವಾಗಿಯೇ ಮಾತ್ರೆ ಬಿಟ್ಟರೆ ಸ್ಟೆಂಟ್ ಹಠಾತ್ತನೆ ಮುಚ್ಚಿಕೊಳ್ಳುವ ಸಂಭವವಿದೆ.

ಬೇನೆಯ ಭಾಷೆ ಮತ್ತು ಖರ್ಚಿನ ಲೆಕ್ಕ

ಹೃದಯಾಘಾತವೆಂದರೆ ಎದೆ ಹಿಡಿದುಕೊಂಡು ಬೀಳುವುದು ಎಂಬ ಚಿತ್ರ ನಾಟಕ, ಸಿನಿಮಾಗಳಿಂದ ಜನಮನದಲ್ಲಿ ಉಳಿದಿದೆ. ಡಯಾಲಿಸಿಸ್ ರೋಗಿಗಳಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯಿರುವವರಲ್ಲಿ, ಎದೆನೋವೇ ಇಲ್ಲದೆ ಹೃದಯಾಘಾತವಾಗುವುದು ಸಾಮಾನ್ಯ. ಅವರ ಬೇನೆ ಬೇರೆ ಮಾತುಗಳಲ್ಲಿ ಹೊರಬರುತ್ತದೆ: ‘ದಮ್ಮ ಹತ್ತೇತಿ’, ‘ಸಂಕಟ ಆಗಾಕತ್ತೇತಿ’, ‘ಜೀವ ಒದ್ದಾಡಾಕತ್ತೇತಿ’. ಇವನ್ನು ನೀರು ಹೆಚ್ಚಾದುದರ ಲಕ್ಷಣವೆಂದೋ ಹೊಟ್ಟೆಯುಬ್ಬರವೆಂದೋ ಮನೆಯವರು ತಳ್ಳಿಹಾಕುವ ಸಾಧ್ಯತೆಯಿದೆ. ‘ಎದೆ ನೋಯುತ್ತದೆಯೇ?’ ಎಂಬ ಒಂದೇ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ದೊರೆತಾಗ ಆಸ್ಪತ್ರೆಯೂ ಮೋಸಹೋಗಬಹುದು. ಈ ನುಡಿಗಟ್ಟುಗಳ ಪ್ರಾದೇಶಿಕ ಕೋಶವೊಂದು ಸಿದ್ಧವಾಗಿ ತಾಲ್ಲೂಕು ಆಸ್ಪತ್ರೆಗಳ ದಾದಿಯರ ಕೈಗೆ ಸಿಕ್ಕರೆ ಅದು ಜಾನಪದ ಅಧ್ಯಯನದ ನೇರ ಉಪಯೋಗವಾಗುತ್ತದೆ.

ಖರ್ಚಿನ ಮಾತನ್ನೂ ಬಿಡುವಂತಿಲ್ಲ. ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಡಯಾಲಿಸಿಸ್ ಸೌಲಭ್ಯ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿದೆ. ಲಕ್ಷ ದಾಟುತ್ತಿದ್ದ ಔಷಧಿ ಲೇಪಿತ ಸ್ಟೆಂಟಿನ ಬೆಲೆಗೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು 2017ರ ಫೆಬ್ರವರಿಯಲ್ಲಿ 29,600 ರೂಪಾಯಿಗಳ ಮಿತಿ ಹಾಕಿತು. 2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಜಾರಿಗೆ ಬಂದಿತು. ಇವು ದೊಡ್ಡ ಆಸರೆಗಳೇ. ಆದರೂ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಿಗೆ ಹೋಗಿಬರುವ ಖರ್ಚು, ಜೊತೆಗೆ ಹೋದವರ ಕೂಲಿ, ತಿಂಗಳ ಮಾತ್ರೆ ಇವೆಲ್ಲ ಮನೆಯ ಮೇಲೆಯೇ ಬೀಳುತ್ತವೆ. ‘ಸ್ಪ್ರಿಂಗ್ ಹಾಕಿಸಿದರೆ ಪೂರ್ತಿ ಗುಣವಾಗುತ್ತದೆ’ ಎಂಬ ನಂಬಿಕೆಯಿಂದ ಸಾಲ ಮಾಡಿದ ಮನೆಯವರು, ಮುಂದೆ ಡಯಾಲಿಸಿಸ್ಸಿಗೆ ಹೋಗುವ ಬಸ್ಸಿನ ಹಣಕ್ಕೇ ಕೈಚಾಚುವಂತಾದರೆ, ಇದ್ದ ಆಸರೆಯೂ ತಪ್ಪಿಹೋಗುತ್ತದೆ. ಸ್ಥಿರ ಸ್ಥಿತಿಯಲ್ಲಿರುವ ರೋಗಿಗೆ ತಪ್ಪದ ಡಯಾಲಿಸಿಸ್, ನೀರು-ಉಪ್ಪುಗಳ ಮಿತಿ, ಸರಿಯಾದ ಮಾತ್ರೆ ಇವು ಮೊದಲು. ಸ್ಟೆಂಟಿನ ವಿಚಾರ ಆಮೇಲೆ, ಹೃದ್ರೋಗ ಮತ್ತು ಮೂತ್ರಪಿಂಡ ತಜ್ಞರಿಬ್ಬರ ಸಮಾಲೋಚನೆಯಿಂದ.

ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಡಯಾಲಿಸಿಸ್ ರೋಗಿಗಳಲ್ಲಿ ಸ್ಟೆಂಟ್, ಹೃದಯಾಘಾತದ ಗಳಿಗೆಯಲ್ಲಿ ಮತ್ತು ಔಷಧಿಗೆ ಬಗ್ಗದ ನೋವಿನಲ್ಲಿ ಉಪಯುಕ್ತವಾದ ಚಿಕಿತ್ಸೆ. ಸ್ಥಿರ ಸ್ಥಿತಿಯಲ್ಲಿ ಅದು ಆಯುಷ್ಯವನ್ನು ಹೆಚ್ಚಿಸುತ್ತದೆಂಬುದಕ್ಕೆ ಆಧಾರ ದೊರೆತಿಲ್ಲ. ನಾಳದ ಗೋಡೆಯ ಸುಣ್ಣ, ನೀರಿನ ಏರಿಳಿತ ಮತ್ತು ಕೆಟ್ಟ ರಕ್ತದ ಗುಣ ಇದಕ್ಕೆ ಕಾರಣಗಳು. ಹೂಳಿನ ರೂಪಕವು ಇವನ್ನು ಮರೆಮಾಡುತ್ತದೆ. ಆದರೆ ಅದನ್ನು ಪೂರ್ಣವಾಗಿ ಕೈಬಿಡಬೇಕಾಗಿಲ್ಲ. ‘ಹೂಳನ್ನಷ್ಟ ಅಲ್ಲ, ದಂಡೀನೂ ನೋಡಬೇಕು; ನೀರ ಬಿಡೂ ಲೆಕ್ಕಾನೂ ನೋಡಬೇಕು’ ಎಂದು ವಿಸ್ತರಿಸಿದರೆ ಮಲಪ್ರಭೆಯ ರೈತನಿಗೆ ಅದು ಕೂಡಲೇ ತಿಳಿಯುತ್ತದೆ, ಏಕೆಂದರೆ ನೀರಾವರಿಯಲ್ಲಿ ಅವನು ದಿನವೂ ಮಾಡುವುದು ಅದನ್ನೇ.

ಮೂತ್ರಪಿಂಡಕ್ಕೆ ನಮ್ಮ ನುಡಿಯಲ್ಲಿ ಈವರೆಗೆ ನುಡಿಗಟ್ಟುಗಳು ಬೆಳೆಯದಿರಬಹುದು. ವಾರಕ್ಕೆ ಎರಡು ಮೂರು ದಿನ ಯಂತ್ರದ ಪಕ್ಕದಲ್ಲಿ ಕುಳಿತಿರುವ ರೋಗಿಗಳು ಹಾಗೂ ಅವರ ಮನೆಯವರು ಆ ನುಡಿಗಟ್ಟುಗಳನ್ನು ಈಗ ಕಟ್ಟುತ್ತಿದ್ದಾರೆ. ಅವನ್ನು ಕೇಳಿ ದಾಖಲಿಸುವುದು, ಅವುಗಳಲ್ಲಿ ದಾರಿತಪ್ಪಿಸುವ ಮಾತು ಯಾವುದು, ಜೀವ ಉಳಿಸುವ ಮಾತು ಯಾವುದು ಎಂಬುದನ್ನು ವೈದ್ಯರೊಂದಿಗೆ ಕುಳಿತು ಬೇರ್ಪಡಿಸುವುದು ಜಾನಪದ ವಿದ್ವಾಂಸರ ಮುಂದಿರುವ ಹೊಣೆಯಾಗಿದೆ.